ಸಾಲು ಮೂರು, ಗಂಟು ಸೊನ್ನೆ

ಮಾರ್ಚ್ 3, ಸೋಮವಾರ. ಬೆಳಗ್ಗೆ 11.20

ಇಪ್ಪತ್ತಾರು ಪರ್ಸೆಂಟ್. ಡೌನ್‌ಲೋಡ್ ಒಂಬತ್ತಕ್ಕೆ ಶುರು ಮಾಡಿದ್ದು. ಹೋದ ವಾರವೂ ಇದೇ ಕಥೆ. ಎರಡು ಸಲ ನಲವತ್ತರ ಹತ್ತಿರ ಬಂದು, ಸಂಪರ್ಕ ಕಡಿದಿದೆ ಎಂದು ಕೈ ಎತ್ತಿತು. ಮತ್ತೆ ಮೊದಲಿನಿಂದ. ಈ ಎರಡನೇ ನಂಬರ್ ಮಷೀನಿನ ಮುಂದೆ ಕೂತು ಕೂತು ನನಗೇ ಬೇರು ಬಿಟ್ಟಿದೆ.

ಕಿಟಕಿ ಪಕ್ಕದಲ್ಲಿ ವಕೀಲರು. ರಿಟೈರ್ ಆದವರು, ಕಣ್ಣು ಹೋಗಿ ಹದಿನೈದು ವರ್ಷ. ದಿನಾ ಹತ್ತಕ್ಕೆ ಬಂದು ಹೆಡ್‌ಫೋನ್ ಹಾಕಿಕೊಂಡು ಮಷೀನಿನಿಂದ ಪೇಪರ್ ಓದಿಸಿಕೊಳ್ಳುತ್ತಾರೆ. ನನ್ನ ಡೌನ್‌ಲೋಡ್ ನಡೆಯುವಾಗ ಅವರ ಪೇಪರ್ ತಡವರಿಸುತ್ತದೆ.

"ಏನಮ್ಮಾ, ಇವತ್ತು ಸಂಪಾದಕೀಯಕ್ಕೆ ಉಬ್ಬಸ ಬಂದಿದೆ," ಅಂದರು.

ನಕ್ಕೆ. ಒಳಗೊಳಗೇ ಉರಿಯುತ್ತಿತ್ತು.

ಆಮೇಲೆ ಲೈಬ್ರರಿಯನ್ ಸರ್ ಬಂದರು. ಕೈಯಲ್ಲಿ ಪೆನ್ನು, ಮುಖದಲ್ಲಿ ಅನುಮಾನ. ಯಾವ ಕಾಗದವನ್ನೂ ಮೂರು ಸಲ ಓದದೆ ಸಹಿ ಹಾಕಿದವರಲ್ಲ.

"ಇಷ್ಟು ಹೊತ್ತು ಏನು ಮಾಡ್ತಿದೆ ಅದು?"

"ಪ್ಯಾಕೇಜ್ ಮ್ಯಾನೇಜರ್ ಸರ್. ಬೇಕಾದ ಸಾಫ್ಟ್‌ವೇರ್ ಹೆಸರು ಹೇಳಿದ್ರೆ ಅದೇ ಹೋಗಿ ತಂದು ಜೋಡಿಸುತ್ತೆ. ಎಲ್ಲಿಂದ ತರಬೇಕು ಅನ್ನೋದು ಒಂದು ಫೈಲಲ್ಲಿ ಬರೆದಿರುತ್ತೆ. ಈಗ ಭೂಮಿಯ ಆ ಕಡೆಯಿಂದ ತರ್ತಿದೆ."

"ಯಾಕೆ, ಹತ್ತಿರ ಎಲ್ಲೂ ಸಿಗಲ್ವಾ?"

ಸಿಗುತ್ತದೆ. ಅದೇ ಸರಕನ್ನು ಹಾಗೇ ನಕಲು ಮಾಡಿ ಹತ್ತಾರು ಊರುಗಳಲ್ಲಿ ಇಟ್ಟಿರುತ್ತಾರೆ. ಮಿರರ್ ಅನ್ನುತ್ತಾರೆ. ಕಾಲೇಜಿನವರು, ಯೂನಿವರ್ಸಿಟಿಯವರು ಸುಮ್ಮನೆ ಪುಕ್ಕಟೆ ಇಟ್ಟಿರುತ್ತಾರೆ. ಇದೆಲ್ಲ ನನಗೆ ಗೊತ್ತು. ಲೈಬ್ರರಿಯಲ್ಲಿ ಕಣ್ಣಿಲ್ಲದವರಿಗೆಂದು ಇರುವ ಈ ಕಂಪ್ಯೂಟರ್ ರೂಮ್ ಹನ್ನೊಂದು ವರ್ಷದಿಂದ ನನ್ನದೇ. ಆದರೂ ಎರಡು ವಾರ ಹೊಳೆಯಲಿಲ್ಲ. ಕಂಪ್ಯೂಟರ್ ಮುಟ್ಟಲು ಹೆದರುವ ಮನುಷ್ಯ ಒಂದು ನಿಮಿಷದಲ್ಲಿ ಕೇಳಿಬಿಟ್ಟರು.

ಮಧ್ಯಾಹ್ನ 1.05

ನಲವತ್ಮೂರಕ್ಕೆ ಕಡಿಯಿತು.

ಮಾರ್ಚ್ 4, ಮಂಗಳವಾರ

ಆಸ್ಪತ್ರೆಯಿಂದ ಕಾಗದ ಬಂತು. ನನ್ನ ತಂಗಿ ಚೂಟಿಗೆ 28ಕ್ಕೆ ಪರೀಕ್ಷೆ. ಟೆಲಿಫೋನ್ ಆಪರೇಟರ್ ಕೆಲಸ, ಒಂದೇ ಜಾಗ. ಅವರ ಕಂಪ್ಯೂಟರಿನಲ್ಲಿ ಹೊಸ ವರ್ಷನ್ ಇದೆ, ಅದರಲ್ಲೇ ಕರೆಗಳನ್ನು ನಿಭಾಯಿಸಿ ತೋರಿಸಬೇಕು.

ಮೂರು ವರ್ಷದ ಹಿಂದೆ ಅವಳು ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದಳು. ಕೂದಲೆಳೆಯಂಥ ಗೆರೆ. ಆಮೇಲೆ ಕಣ್ಣಿನ ನರಕ್ಕೆ ಏನೋ ಬಂತು, ಒಂದು ವರ್ಷದಲ್ಲಿ ಪೂರ್ತಿ ಹೋಯಿತು. ಅಂದಿನಿಂದ ನಮ್ಮ ಜೊತೆಗೇ. ಕೆಲಸಕ್ಕೆ ಅರ್ಜಿ ಹಾಕಿದ್ದು ಇದೇ ಮೊದಲು. ಹಾಕಲಾ ಎಂದು ಅವಳಾಗಿಯೇ ಕೇಳಿದಳು, ನಾನು ಬಾಯಿ ಬಿಟ್ಟಿರಲಿಲ್ಲ.

ನಮ್ಮ ರೂಮಿನ ಎಂಟೂ ಮಷೀನಿನಲ್ಲಿ ಹಳೇ ವರ್ಷನ್. ಪರದೆಯಲ್ಲಿ ಇರುವುದನ್ನು ಓದಿ ಹೇಳುವ ಪ್ರೋಗ್ರಾಮ್ ಹೊಸದರಲ್ಲಿ ಪೂರಾ ಬದಲಾಗಿದೆ. ಮಾತು ನಿಲ್ಲಿಸುವ ಕೀ ಬೇರೆ, ಪಟ್ಟಿಯಲ್ಲಿ ಇಳಿಯುವ ಕೀ ಬೇರೆ. ಬೆರಳಿಗೆ ಅಭ್ಯಾಸ ಇಲ್ಲದೆ ಹೋದರೆ ಅಲ್ಲಿ ಕೂತು ತಡಕಾಡುತ್ತಾಳೆ. ಫೋನು ಹೊಡೆದುಕೊಳ್ಳುತ್ತಿರುತ್ತದೆ. ಮನೆಯ ಲ್ಯಾಪ್‌ಟಾಪ್ ಹೋದ ವರ್ಷವೇ ಸತ್ತಿತು. ಈ ರೂಮ್ ಬಿಟ್ಟರೆ ಬೇರೆ ಗತಿ ಇಲ್ಲ.

ಊಟಕ್ಕೆ ಕೂತಾಗ ಮಿರರ್ ವಿಷಯ ಹೇಳಿದೆ.

"ಮನೇಲಿರೋ ಕನ್ನಡಿನೇ ನನಗೆ ದಂಡ," ಅಂದಳು. "ಇನ್ನು ಊರೂರಲ್ಲಿರೋ ಕನ್ನಡಿ ತಗೊಂಡು ಏನು ಮಾಡಲಿ?"

ಇವರಿಗೆ ನೆತ್ತಿ ಹತ್ತಿತು. ನೀರು ಕುಡಿಸಬೇಕಾಯಿತು. ಮದುವೆಯಾಗಿ ಹದಿನೆಂಟು ವರ್ಷ, ನನ್ನ ಗಂಡ ನನ್ನ ಒಂದು ಜೋಕಿಗೂ ಹೀಗೆ ನಕ್ಕಿಲ್ಲ.

ಮಾರ್ಚ್ 5, ಬುಧವಾರ. ಮಧ್ಯಾಹ್ನ

ನಾಲ್ಕು ಮಿರರ್ ಆರಿಸಿದೆ. ಈಗಿರುವ ದೂರದ್ದು. ಸಮುದ್ರದಾಚೆಯ ದ್ವೀಪದ್ದು. ಯೂನಿವರ್ಸಿಟಿಯದು. ಇಲ್ಲಿಂದ ಎರಡು ಗಂಟೆ ದಾರಿಯ ಒಂದು ಪುಟ್ಟ ಕಾಲೇಜಿನದು. ಒಂದೇ ಫೈಲನ್ನು ನಾಲ್ಕೂ ಕಡೆಯಿಂದ ತರಿಸಿ ಯಾವುದು ಬೇಗ ಎಂದು ನೋಡುವುದು.

ಚೂಟಿಯೂ ಬಂದಿದ್ದಳು, ಹೆಣಿಗೆ ಚೀಲ ಸಮೇತ. ನಾನು ಗಡಿಯಾರ ನೋಡುತ್ತಿದ್ದರೆ ಸಿಡುಕಿದಳು.

"ನಂಗೆ ಹೇಗೆ ಗೊತ್ತಾಗಬೇಕು? ನೀನು ಹೇಳಿದ್ದೇ ವೇದವಾಕ್ಯನಾ? ಪರೀಕ್ಷೆ ನಂದು ಕಣೇ."

"ಏನು ಮಾಡ್ತೀಯಾ ಹಾಗಾದ್ರೆ?"

"ನೀನು ಶುರು ಅನ್ನು. ನಾನು ಹೆಣೀತೀನಿ. ಮುಗೀತು ಅಂದಾಗ ನಿಲ್ಲಿಸ್ತೀನಿ. ಸಾಲು ಎಣಿಸಿದ್ರೆ ಆಯ್ತು."

ಇಪ್ಪತ್ತು ಕುಣಿಕೆಯ ಪಟ್ಟಿ. ಅವಳ ಕೈ ಗಡಿಯಾರಕ್ಕಿಂತ ಕಟ್ಟುನಿಟ್ಟು, ಸಾಲಿಗೆ ಸರಿಯಾಗಿ ಒಂದು ನಿಮಿಷ. ಒಂದೊಂದು ಮಿರರಿಗೆ ಒಂದೊಂದು ಥರದ ನೂಲು, ಮುಟ್ಟಿದರೆ ಗೊತ್ತಾಗುವಂತೆ. ದೂರದ್ದಕ್ಕೆ ಒರಟು ನೂಲು: ಮೂವತ್ತೊಂದು ಸಾಲು. ದ್ವೀಪಕ್ಕೆ ನುಣುಪಿನದು: ಹತ್ತೊಂಬತ್ತು. ಯೂನಿವರ್ಸಿಟಿಗೆ ದಪ್ಪನೆಯದು: ಹನ್ನೆರಡು. ಕಾಲೇಜಿಗೆ ಮೆತ್ತನೆಯ ಜುಂಗು ನೂಲು: ಮೂರು.

ಮೂರೇ ಮೂರು. ನಂಬಲಿಲ್ಲ, ಇನ್ನೊಂದು ಸಲ ಹೆಣೆಸಿದೆ. ಮತ್ತೆ ಮೂರು.

ವಕೀಲರು ಪಟ್ಟಿಯನ್ನು ಕೈಯಲ್ಲಿ ತಡವಿ ನೋಡಿ, "ಸಾಕ್ಷಿ ಗಟ್ಟಿಯಾಗಿದೆ," ಅಂದರು. ಸಂಜೆ ಮನೆಗೆ ಹೋಗುವಾಗ ಚೂಟಿ ನನ್ನ ಮೊಣಕೈ ಹಿಡಿದು ದಾರಿಯುದ್ದಕ್ಕೂ ಗುನುಗುತ್ತಿದ್ದಳು. ಎಷ್ಟು ದಿನವಾಗಿತ್ತು ಅವಳು ಗುನುಗಿ.

ಮಾರ್ಚ್ 6, ಗುರುವಾರ

ಫೈಲ್ ತೆರೆದೆ. ದೂರದ ವಿಳಾಸದ ಸಾಲು ಅಳಿಸಿದೆ, ಕಾಲೇಜಿನದು ಬರೆದೆ. ಅಷ್ಟೇ. ಎರಡನೇ ನಂಬರಿಗೆ ಐವತ್ತೆರಡು ನಿಮಿಷ. ಇಷ್ಟು ದಿನ ಒದ್ದಾಡಿದ್ದು ಇದಕ್ಕಾ. ಕೈ ತಡೆಯಲಿಲ್ಲ, ಮೂರು, ಐದು, ಏಳನ್ನೂ ಕೂರಿಸಿದೆ. ಆರು ಹೊಡೆಯುವ ಹೊತ್ತಿಗೆ ನಾಲ್ಕು.

ನಡುವೆ ಒಂದು ಸಲ ಏನೋ ಕೇಳಿತು. ಕೆಲವು ಭಾಗಗಳು ಒಂದಕ್ಕೊಂದು ಹೊಂದುತ್ತಿಲ್ಲ, ಮುಂದುವರಿಸಲೇ — ಎಂದು. ಹೌದು ಎಂದು ಒತ್ತಿದೆ. ನಾಲ್ಕರಲ್ಲೂ ಒತ್ತಿದೆ. ಯಂತ್ರಗಳಿಗೆ ಎಲ್ಲದಕ್ಕೂ ತಕರಾರು.

ಆರಕ್ಕೆ ಮೇನ್ ಸ್ವಿಚ್ ಆಫ್ ಮಾಡುವ ನಿಯಮ. ಧ್ವನಿ ನೋಡಲು ಹೊತ್ತು ಸಿಗಲಿಲ್ಲ. ನಾಳೆ ಚೂಟಿಯೇ ಮೊದಲು ಕೇಳಲಿ. ಅವಳ ಕೈಯಿಂದಲೇ ಆನ್ ಮಾಡಿಸಬೇಕು.

ಮಾರ್ಚ್ 7, ಶುಕ್ರವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಎದೆಯಲ್ಲೇ ಉಳಿಯುತ್ತದೆ.

ಅವಳು ಕೂತಳು. ಹೆಡ್‌ಫೋನ್ ಹಾಕಿಕೊಂಡಳು. ಬಟನ್ ಒತ್ತಿದಳು. ನಾನು ಹಿಂದೆ ನಿಂತಿದ್ದೆ, ಪರದೆ ಬೆಳಗಿತು, ಅಕ್ಷರ ಬಂದವು. ಅವಳು ಕಾದಳು. ಮುಖದಲ್ಲಿದ್ದ ನಗು ಹಾಗೇ ಇತ್ತು, ಆಮೇಲೆ ನಿಧಾನವಾಗಿ ಇಳಿಯಿತು. ಧ್ವನಿಯ ಕೀ ಒತ್ತಿದಳು. ಮತ್ತೆ ಒತ್ತಿದಳು.

ನಾನು, "ಏನಾಯ್ತೇ?" ಅಂದೆ. ಅವಳು ತಿರುಗಲಿಲ್ಲ. ನಮ್ಮ ಹೆಡ್‌ಫೋನು ದಪ್ಪ, ಹೊರಗಿನ ಮಾತು ಒಳಗೆ ಹೋಗುವುದಿಲ್ಲ. ಅವಳು ಥಟ್ಟನೆ ಅದನ್ನು ಕಿತ್ತೆಸೆದಳು. ಹೆಣಿಗೆ ಕಡ್ಡಿ ತೆಗೆದು ಮೇಜಿಗೆ ಟಕ್ ಟಕ್ ಎಂದು ಬಡಿದಳು. ಮೂರು ಸಲ. ನಾಲ್ಕು ಸಲ.

"ಕೇಳಿಸ್ತಿದೆ," ಅಂದಳು. ತನಗೆ ತಾನೇ ಹೇಳಿಕೊಂಡ ಹಾಗೆ. "ಕಿವಿ ಕೇಳಿಸ್ತಿದೆ."

ಆಗ ಗೊತ್ತಾಯಿತು ಅವಳು ಏನೆಂದುಕೊಂಡಳು ಎಂದು. ಆ ಅರ್ಧ ನಿಮಿಷ ಅವಳಿಗೆ ಕಿವಿಯೂ ಹೋಗಿತ್ತು. ಕಣ್ಣೂ ಹೀಗೇ ಹೋಗಿದ್ದಲ್ಲವೇ, ಹೇಳದೆ ಕೇಳದೆ.

ನಾಲ್ಕೂ ಮಷೀನು ಮೂಕ. ಎಲ್ಲಾ ಓಡುತ್ತವೆ, ಮಾತು ಮಾತ್ರ ಇಲ್ಲ. ಕಣ್ಣಿದ್ದವರಿಗೆ ಗೊತ್ತೂ ಆಗುವುದಿಲ್ಲ. ಕಣ್ಣಿಲ್ಲದವರಿಗೆ ನಾಲ್ಕು ಕಬ್ಬಿಣದ ಡಬ್ಬ.

ಲೈಬ್ರರಿಯನ್ ಸರ್ ರೇಗಲಿಲ್ಲ. ರೇಗಿದ್ದರೆ ವಾಸಿಯಿತ್ತು. "ಇನ್ನು ಯಾವುದನ್ನೂ ಮುಟ್ಟಬೇಡಿ. ಹೊರಗಿನ ಟೆಕ್ನಿಷಿಯನ್‌ಗೆ ಬರೀತೀನಿ," ಅಂದರು. ನಾಲ್ಕು ಮಷೀನು ಕೆಟ್ಟಿವೆ ಎಂದು ಬಾಗಿಲಿಗೆ ಚೀಟಿ ಅಂಟಿಸಿದರು.

ದಾರಿಯಲ್ಲಿ ಚೂಟಿ ನನ್ನ ಮೊಣಕೈ ಹಿಡಿಯಲಿಲ್ಲ. ಕೋಲು ಹಿಡಿದು ಒಬ್ಬಳೇ ಎರಡು ಹೆಜ್ಜೆ ಮುಂದೆ ನಡೆದಳು.

ಮಾರ್ಚ್ 12, ಬುಧವಾರ

ಟೆಕ್ನಿಷಿಯನ್ ಇಲ್ಲ. ಇವತ್ತು ಬರ್ತಾನೆ, ನಾಳೆ ಬರ್ತಾನೆ. ಉಳಿದ ನಾಲ್ಕು ಹಳೇ ಮಷೀನಿಗೆ ಕ್ಯೂ. ವಕೀಲರ ಪೇಪರ್ ಮುಗಿಯುವಾಗ ಸಂಜೆಯಾಗುತ್ತಿದೆ.

ಚೂಟಿ ಲೈಬ್ರರಿಗೆ ಬರುತ್ತಿಲ್ಲ. ಮನೆಯಲ್ಲಿ ಹೆಣಿಗೆಯೂ ಇಲ್ಲ. ಕೇಳಿದರೆ, "ಏನಿಲ್ಲ ಬಿಡು" ಅನ್ನುತ್ತಾಳೆ. ಜಗಳ ಆಡಿದ್ದರೆ ಜೀವಕ್ಕೆ ನೆಮ್ಮದಿ. ಈ "ಬಿಡು" ನನ್ನನ್ನು ಕೊಲ್ಲುತ್ತಿದೆ.

ಇವರು ಬೆಳಗ್ಗೆ ಕೆಲಸಕ್ಕೆ ಹೊರಡುವಾಗ ಮೆಲ್ಲಗೆ ಅಂದರು: "ಆಸ್ಪತ್ರೆಗೆ ಬರೋದಿಲ್ಲ ಅಂತ ಫೋನ್ ಮಾಡ್ತೀನಿ ಅಂತಿದ್ಲು. ನಂಬರ್ ಎಲ್ಲಿಟ್ಟಿದ್ದೀನೋ ನೆನಪಿಲ್ಲ ಅಂದೆ."

ನಂಬರ್ ಅವರ ಜೇಬಿನಲ್ಲೇ ಇತ್ತು. ಬಡಗಿ ಕೆಲಸ ಮಾಡುವ ಈ ಮನುಷ್ಯ ಜನ್ಮದಲ್ಲಿ ಸುಳ್ಳು ಹೇಳಿದ್ದು ನಾನು ಕೇಳಿರಲಿಲ್ಲ.

ಮಾರ್ಚ್ 13, ಗುರುವಾರ. ಬೆಳಗ್ಗೆ 10

ಮುಟ್ಟಬೇಡಿ ಅಂದಿದ್ದು ಮಷೀನನ್ನು. ಓದಬೇಡಿ ಅಂದಿಲ್ಲ. ನನ್ನ ಟೇಬಲ್ಲಿನ ಕಂಪ್ಯೂಟರಿನಲ್ಲಿ ಮಿರರ್‌ಗಳ ಪಟ್ಟಿ ತೆಗೆದು, ಈ ಸಲ ಬಲಗಡೆ ತುದಿಯವರೆಗೆ ಓದಿದೆ.

ಹೆಸರು. ದೇಶ. ವೇಗ. ಕೊನೆಯ ಕಾಲಮ್ಮಿನಲ್ಲಿ — ಕೊನೆಯ ಸಲ ಸರಕು ಬಂದ ದಿನ.

ಯೂನಿವರ್ಸಿಟಿ: ಇವತ್ತು. ದ್ವೀಪ: ನಿನ್ನೆ. ದೂರದ್ದು: ಇವತ್ತು. ಕಾಲೇಜು: ಫೆಬ್ರವರಿ 2, ಅಪೂರ್ಣ.

ಮೂವತ್ತೊಂಬತ್ತು ದಿನ.

ಎಷ್ಟು ಬೇಗ ಎಂದು ಸಾಲು ಸಾಲು ಎಣಿಸಿದೆವು. ಎಷ್ಟು ಹಳೆಯದು ಎಂದು ಒಬ್ಬರೂ ಕೇಳಲಿಲ್ಲ. ಆ ಕಾಲೇಜಿಗೆ ಹೊಸ ಸರಕು ಬರುವಾಗ ಅರ್ಧಕ್ಕೆ ನಿಂತಿದೆ. ಅರ್ಧ ಕಪಾಟು ಹೊಸದು, ಅರ್ಧ ಹಳೆಯದು. ಮಾತಾಡುವ ಪ್ರೋಗ್ರಾಮ್ ಹೊಸದು ಬಂತು, ಅದರ ಮಾತನ್ನು ಹೆಡ್‌ಫೋನಿಗೆ ಮುಟ್ಟಿಸುವ ಭಾಗ ಹಳೆಯದು ಬಂತು. ಎರಡಕ್ಕೂ ಪರಿಚಯವೇ ಇಲ್ಲ. ಹೊಂದುತ್ತಿಲ್ಲ ಎಂದು ಪಾಪ ಅದು ಹೇಳಿತ್ತು. ನಾನು ಹೌದು ಒತ್ತಿದೆ. ನಾಲ್ಕು ಸಲ.

ಬೇಗ ಯಾಕಿತ್ತು ಎಂಬುದೂ ಈಗ ಅರ್ಥವಾಯಿತು. ಗೊತ್ತಿದ್ದವರು ಯಾರೂ ಆ ಕಡೆ ಹೋಗುತ್ತಿರಲಿಲ್ಲ. ಖಾಲಿ ಅಂಗಡಿಯಲ್ಲಿ ಕ್ಯೂ ಇರುತ್ತದಾ.

ಮಿರರ್ ನೋಡಿಕೊಳ್ಳುವವರ ವಿಳಾಸ ಅಲ್ಲೇ ಇತ್ತು. ನಾಲ್ಕು ಸಾಲು ಬರೆದು ಕಳಿಸಿದೆ. ಮೊದಲು ಬೈದು ಬರೆದೆ. ಆಮೇಲೆ ಬೈಗುಳ ತೆಗೆದೆ.

ಮಾರ್ಚ್ 14, ಶುಕ್ರವಾರ

ಉತ್ತರ ಬಂದಿದೆ. ಕಾಲೇಜಿನ ಲ್ಯಾಬ್ ಮೇಷ್ಟ್ರು. ಹಾಗೇ ಇಲ್ಲಿ ಬರೆದಿಡುತ್ತೇನೆ:

"ಅಮ್ಮಾ, ಡಿಸ್ಕ್ ತುಂಬಿ ನಿಂತಿದೆ. ನೀವು ಹೇಳಿದ ಮೇಲೆ ಹೋಗಿ ನೋಡಿದೆ. ನಾನು ಒಬ್ಬನೇ ಇದನ್ನು ನೋಡಿಕೊಳ್ಳುವುದು, ಪಾಠದ ಮಧ್ಯೆ ಮರೆತಿದ್ದೆ. ನಲವತ್ತು ದಿನದಲ್ಲಿ ಯಾರೂ ಒಂದು ಮಾತು ಹೇಳಲಿಲ್ಲ. ಇದನ್ನು ಯಾರೂ ಬಳಸುವುದೇ ಇಲ್ಲ, ಮುಚ್ಚಿಬಿಡೋಣ ಎಂದುಕೊಂಡಿದ್ದೆ. ನಿಮಗೆ ತೊಂದರೆ ಆಗಿದ್ದಕ್ಕೆ ನಾಚಿಕೆಯಾಗುತ್ತಿದೆ. ಐದು ದಿನ ಕೊಡಿ. ಅಲ್ಲಿಯವರೆಗೆ ಯೂನಿವರ್ಸಿಟಿಯದನ್ನು ಹಾಕಿಕೊಳ್ಳಿ."

ಸಿಟ್ಟೆಲ್ಲ ಎಲ್ಲಿ ಹೋಯಿತೋ. ಇವರೂ ನನ್ನ ಹಾಗೇ ಒಂದು ರೂಮಿನಲ್ಲಿ ಒಬ್ಬರೇ ಇರುವವರು.

ಸಂಜೆ ಚೂಟಿಗೆ ಓದಿ ಹೇಳಿದೆ. ಹೌದು ಒತ್ತಿದ್ದನ್ನೂ ಹೇಳಿದೆ. ಅದನ್ನು ಹೇಳಲು ಎಂಟು ದಿನ ಹಿಡಿಯಿತು ನನಗೆ.

ನನ್ನ ಕಡೆ ತಿರುಗಿ, "ನಾಲ್ಕು ಸಲ ಕೇಳ್ತಾ?"

"ಕೇಳ್ತು."

"ನಾಲ್ಕು ಸಲಾನೂ ಒತ್ತಿದ್ಯಾ?"

"ಒತ್ತಿದೆ."

"ನಿನ್ನ ಕೈಗಿಷ್ಟು." ಎದ್ದು ಹೋದಳು. ಹೆಣಿಗೆ ಚೀಲ ತಂದಳು. ಪಟ್ಟಿ ತೆಗೆದು ಜುಂಗು ನೂಲಿನ ಮೂರು ಸಾಲನ್ನು ಬೆರಳಲ್ಲಿ ಹುಡುಕಿದಳು. ಅಂಚಿಗೆ ಒಂದು ದಾರ ಸೇರಿಸಿ ಗಂಟು ಹಾಕತೊಡಗಿದಳು.

"ಏನೇ ಅದು?"

"ಇವತ್ತಿಗೆ ಎಷ್ಟು ದಿನ ಹಳೇದು, ನಲವತ್ತಾ? ನಲವತ್ತು ಗಂಟು. ದಿನಕ್ಕೊಂದು. ಸಾಲು ಕಮ್ಮಿ ಇರಬೇಕು, ಗಂಟೂ ಇರಬಾರದು. ಎರಡೂ ಮುಟ್ಟಿ ನೋಡದೆ ಇನ್ನು ಮೇಲೆ ನೀನು ಏನೂ ಹಾಕೋ ಹಾಗಿಲ್ಲ."

ನಲವತ್ತೂ ಹಾಕಿದಳು. ಮಧ್ಯೆ ಎಣಿಕೆ ತಪ್ಪಿ ಬೈದುಕೊಂಡಳು, ನನ್ನನ್ನೂ ಸೇರಿಸಿ. ಎಂಟು ದಿನದ ಬೈಗುಳ ಒಟ್ಟಿಗೆ ಬಂತು. ಎಷ್ಟು ಹಿತವಾಗಿತ್ತು ಹೇಳಲಾರೆ. ದ್ವೀಪಕ್ಕೆ ಒಂದು ಗಂಟು ಹಾಕಿದಳು. ಯೂನಿವರ್ಸಿಟಿಯ ಹನ್ನೆರಡು ಸಾಲಿನ ಅಂಚು ನುಣ್ಣಗಿತ್ತು. ಗಂಟು ಸೊನ್ನೆ.

"ಹನ್ನೆರಡು ಸಾಲಿಂದು ಒಂದು ಮಷೀನಿಗೆ ಎಷ್ಟು ಹೊತ್ತು?"

"ಮೂರೂವರೆ ಗಂಟೆ. ಎಂಟಕ್ಕೆ ಲೆಕ್ಕ ಹಾಕು, ನಾಲ್ಕೈದು ದಿನ ಬೇಕು."

"ಯಾಕೆ, ಎಂಟು ಸ್ವೆಟರಿಗೆ ನೂಲು ತರೋಕೆ ಎಂಟು ಸಲ ಅಂಗಡಿಗೆ ಹೋಗ್ತೀಯಾ? ಒಂದು ಸಲ ಹೋಗಿ ತಂದು ಮನೇಲಿ ಹಂಚಬಾರದಾ?"

ಹಂಚಬಹುದು. ಒಂದು ಮಷೀನು ತಂದಿಟ್ಟುಕೊಂಡರೆ ಉಳಿದ ಏಳಕ್ಕೆ ಅದೇ ಮಿರರ್, ರೂಮಿನೊಳಗೇ. ಇದೂ ನನಗೆ ಗೊತ್ತಿದ್ದದ್ದೇ. ನನ್ನ ತಲೆಯಲ್ಲಿರುವುದನ್ನೆಲ್ಲ ಬೇರೆಯವರೇ ತೆಗೆದು ಕೊಡಬೇಕೇನೋ.

ಮಾರ್ಚ್ 15, ಶನಿವಾರ

ಲೈಬ್ರರಿಯನ್ ಸರ್ ಮುಂದೆ ಹಾಜರಿ. ನಾನು, ಚೂಟಿ, ಕರೆಯದೇ ಬಂದ ವಕೀಲರು.

ತಪ್ಪು ಯಾರದು ಎಂದು ಮೊದಲೇ ಹೇಳಿಬಿಟ್ಟೆ. ಕಾಲಮ್ ನೋಡದ್ದು ನಾನು, ಎಚ್ಚರಿಕೆ ಓದದೆ ಒತ್ತಿದ್ದು ನಾನು. ಕಾಗದದಲ್ಲೂ ಬರೆದುಕೊಟ್ಟೆ. ಅವರು ಮೂರು ಸಲ ಓದಿದರು.

"ಮತ್ತೆ ಹೀಗೇ ಆದ್ರೆ? ಉಳಿದ ನಾಲ್ಕೂ ಹೋದ್ರೆ?"

"ಉಳಿದ ನಾಲ್ಕು ಮುಟ್ಟಲ್ಲ ಸರ್. ಮೊದಲು ಎರಡನೇ ನಂಬರ್ ಒಂದೇ. ಅದು ಮಾತಾಡಿದ್ರೆ ಮುಂದಿಂದು."

ಚೂಟಿ ಪಟ್ಟಿಯನ್ನು ಅವರ ಮೇಜಿನ ಮೇಲಿಟ್ಟಳು. "ಮುಟ್ಟಿ ನೋಡಿ ಸರ್. ಕಣ್ಣು ಮುಚ್ಕೊಂಡು."

ಲೈಬ್ರರಿಯನ್ ಸರ್ ನಿಜಕ್ಕೂ ಕಣ್ಣು ಮುಚ್ಚಿದರು. ಜುಂಗು ನೂಲಿನ ಗಂಟುಗಳ ಮೇಲೆ ಬೆರಳಾಡಿಸಿದರು. ದಪ್ಪ ನೂಲಿನ ಅಂಚಿಗೆ ಬಂದರು.

"ಇದರಲ್ಲಿ ಏನೂ ಇಲ್ವಲ್ಲ."

"ಅದೇ ಬೇಕಾಗಿರೋದು."

ವಕೀಲರು ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಸರ್ ಕೈಯೆತ್ತಿದರು. "ಬೇಡಿ ವಕೀಲರೇ, ನೀವು ಶುರು ಮಾಡಿದ್ರೆ ಊಟದ ಹೊತ್ತಾಗುತ್ತೆ. ಸೋಮವಾರ ಮಾಡಲಿ." ಬಾಗಿಲಿನ ಚೀಟಿ ತಾವೇ ಕಿತ್ತರು. ಟೆಕ್ನಿಷಿಯನ್ ಇನ್ನೂ ನಾಳೆ ಬರುತ್ತಿದ್ದಾನೆ.

ಮಾರ್ಚ್ 17, ಸೋಮವಾರ

9.00. ಫೈಲ್ ತೆರೆದೆ. ಯೂನಿವರ್ಸಿಟಿಯ ಸಾಲು ಮೇಲೆ. ಅದು ಕೈಕೊಟ್ಟರೆ ಹಿಡಿಯಲು ದೂರದ್ದು ಕೆಳಗೆ. ಕಾಲೇಜಿನದನ್ನು ಅಳಿಸಲಿಲ್ಲ, ಮುಂದೆ ಒಂದು ಗುರುತು ಹಾಕಿ, ಮಷೀನು ಓದದ ಹಾಗೆ ಮಲಗಿಸಿದೆ. ಮಷೀನಿನಲ್ಲಿದ್ದ ಹಳೇ ಸರಕಿನ ಪಟ್ಟಿ ಬಿಸಾಕಿ ಹೊಸದಾಗಿ ತರಲು ಹೇಳಿದೆ.

9.40. ಈ ಸಲ ಏನೂ ಕೇಳಲಿಲ್ಲ. ಕೇಳಿದರೆ ಓದಲು ಕನ್ನಡಕ ಹಾಕಿಕೊಂಡು ಕೂತಿದ್ದೆ.

12.35. ಮುಗಿಯಿತು. ಆಫ್. ಆನ್. ಹೆಡ್‌ಫೋನ್ ತಂತಿ ಕಿತ್ತು ಸ್ಪೀಕರ್ ಹಚ್ಚಿದೆ. ಯಾರ ಕಿವಿಗೂ ಮೊದಲು ಆ ನಿಶ್ಶಬ್ದ ಬೀಳಬಾರದು.

ಏನೂ ಇಲ್ಲ. ಐದು ಸೆಕೆಂಡ್.

ಆಮೇಲೆ, ಹೆಂಗಸಿನ ಧ್ವನಿ, ಮೂಗಿನಲ್ಲಿ, ಸ್ವಲ್ಪ ದರ್ಪದಲ್ಲಿ: "ಸ್ವಾಗತ. ಪಟ್ಟಿಯಲ್ಲಿ ಒಂಬತ್ತು ಅಂಶಗಳಿವೆ."

ವಕೀಲರು ಕಿಟಕಿ ಪಕ್ಕದಿಂದ ಚಪ್ಪಾಳೆ ಹೊಡೆದರು. ನಾನು ಅತ್ತೆ. ಅತ್ತೆ ಎಂದು ಇಲ್ಲಿ ಬರೆದುಕೊಳ್ಳಲು ನಾಚಿಕೆಯೇನಿಲ್ಲ. ಮನೆಗೆ ಫೋನ್ ಹಚ್ಚಿ ಸ್ಪೀಕರ್ ಪಕ್ಕ ಹಿಡಿದೆ. ಆ ಕಡೆ ಚೂಟಿ ಪೂರ್ತಿ ಕೇಳಿದಳು.

"ಇವಳ್ಯಾರೇ, ನಮ್ಮ ಹಳೇ ಹೆಡ್‌ಮಿಸ್ ಥರ ಮಾತಾಡ್ತಾಳೆ. ಇರು, ಬರ್ತೀನಿ. ಬಸ್ಸು ಒಂದೂಕಾಲಕ್ಕಿದೆ."

ಒಬ್ಬಳೇ ಬಂದಳು.

ಮಾರ್ಚ್ 19, ಬುಧವಾರ

ಎಂಟೂ ಮಾತಾಡುತ್ತಿವೆ. ಎರಡನೇ ನಂಬರಿನಿಂದ ಉಳಿದವು ತೆಗೆದುಕೊಂಡಿದ್ದು, ಒಂದೊಂದಕ್ಕೆ ಹತ್ತೇ ನಿಮಿಷ.

ಲ್ಯಾಬ್ ಮೇಷ್ಟ್ರ ಪತ್ರ: ಡಿಸ್ಕ್ ಬದಲಾಯಿತು, ಸರಕು ಪೂರ್ತಿ ಬಂದಿದೆ, ಒಮ್ಮೆ ನೋಡಿ ಹೇಳಿ. ಚೂಟಿ ಕೂತಳು, ಕಡ್ಡಿ ಹಿಡಿದಳು. ಶುರು. ಮುಗಿಯಿತು. ಮೂರು. ನಾನು ಕಾಲಮ್ ಓದಿದೆ: ಇವತ್ತು. ಅವಳು ಜುಂಗು ನೂಲಿನಿಂದ ಆ ಗಂಟಿನ ದಾರವನ್ನು ಸರ್ರನೆ ಎಳೆದು ತೆಗೆದಳು.

ಬರೆದು ಕಳಿಸಿದೆ: ಸಾಲು ಮೂರು, ಗಂಟು ಸೊನ್ನೆ. ಮೇಷ್ಟ್ರು ತಲೆಬುಡ ಅರ್ಥವಾಗದೆ ಫೋನೇ ಮಾಡಿದರು. ಹೇಳಿದೆ. ಆ ಕಡೆ ತುಂಬ ಹೊತ್ತು ನಗು. ಮುಚ್ಚುವ ಮಾತು ಇನ್ನಿಲ್ಲವಂತೆ. ಪ್ರತಿ ಸೋಮವಾರ ಗಂಟು ಎಷ್ಟು ಎಂದು ನಾವು ಹೇಳಬೇಕಂತೆ.

ಫೈಲಿನಲ್ಲಿ ಕಾಲೇಜು ಮೊದಲನೇ ಸಾಲಿಗೆ. ಯೂನಿವರ್ಸಿಟಿ ಎರಡು. ದೂರದ್ದು ಮೂರು.

ಮಾರ್ಚ್ 22, ಶನಿವಾರ

ಚೂಟಿಯ ಅಭ್ಯಾಸಕ್ಕೆ ನಾನು ರೋಗಿಯ ಕಡೆಯವಳು, ವಕೀಲರು ಸಿಡುಕು ಡಾಕ್ಟರು, ಲೈಬ್ರರಿಯನ್ ಸರ್ ಆಂಬ್ಯುಲೆನ್ಸ್ ಡ್ರೈವರ್. ಮೂರು ಕಡೆಯಿಂದ ಒಟ್ಟಿಗೆ ಕರೆ ಮಾಡುವುದು, ಚೂಟಿ ಪಟ್ಟಿಯಲ್ಲಿ ಹುಡುಕಿ ಜೋಡಿಸುವುದು. ಸರ್ ಎಷ್ಟು ಸಭ್ಯ ಡ್ರೈವರ್ ಎಂದರೆ ಮೊದಲು ಕ್ಷಮೆ ಕೇಳಿ ಆಮೇಲೆ ಆಕ್ಸಿಡೆಂಟ್ ಎನ್ನುತ್ತಾರೆ.

ಮೊದಲ ದಿನ ಹತ್ತಕ್ಕೆ ಆರು ತಪ್ಪು. ಇವತ್ತು ಒಂದು.

ಮಾರ್ಚ್ 28, ಶುಕ್ರವಾರ. ಮಧ್ಯಾಹ್ನ 12.10

ಆಸ್ಪತ್ರೆಯ ಕಾರಿಡಾರು. ಹಸಿರು ಬೆಂಚು. ಅವಳು ಒಳಗೆ ಹೋಗಿ ನಲವತ್ತು ನಿಮಿಷ. ನನ್ನನ್ನು ಬಿಡಲಿಲ್ಲ. ಹೆಣಿಗೆ ಚೀಲ ನನ್ನ ಮಡಿಲಲ್ಲಿ. ಪಟ್ಟಿ ಮುಟ್ಟುತ್ತಾ ಕೂತಿದ್ದೇನೆ.

12.50

ಬಂದಳು. ಮುಖದಿಂದ ಏನೂ ತಿಳಿಯಲಿಲ್ಲ.

"ಒಂದು ಸಲ ಮಾತು ನಿಲ್ಲಿಸೋ ಕೀ ಹಳೇದನ್ನೇ ಒತ್ತಿದೆ. ಆಮೇಲೆ ಬೆರಳೇ ಹೊಸದಕ್ಕೆ ಹೋಯ್ತು."

"ಅವರೇನಂದ್ರು?"

"ಮೂರು ತಿಂಗಳು ಕೆಲಸಕ್ಕಿಟ್ಟುಕೊಂಡು ನೋಡ್ತಾರಂತೆ. ಏಳನೇ ತಾರೀಖು ಬೆಳಗ್ಗೆ ಒಂಬತ್ತಕ್ಕೆ ಬರಬೇಕಂತೆ." ಆಮೇಲೆ ನನ್ನ ಮೊಣಕೈ ಹುಡುಕಿ ಹಿಡಿದಳು. "ಅಳಬೇಡ ಕಣೇ. ಇದು ಆಸ್ಪತ್ರೆ, ಯಾರೋ ಹೋದ್ರು ಅಂದ್ಕೋತಾರೆ."

ಏಪ್ರಿಲ್ 7, ಸೋಮವಾರ. ಬೆಳಗ್ಗೆ 9.30

ಸೋಮವಾರದ ಕೆಲಸ ಮುಗಿಯಿತು. ಕಾಲೇಜು: ಇವತ್ತು. ಯೂನಿವರ್ಸಿಟಿ: ಇವತ್ತು. ಮೇಷ್ಟ್ರಿಗೆ ಬರೆದೆ, ಗಂಟು ಸೊನ್ನೆ.

ಅವಳು ಎಂಟೂಕಾಲಿನ ಬಸ್ಸಿಗೆ ಹೋದಳು. ಬಾಗಿಲಲ್ಲಿ ನಿಂತು ನೋಡಿದೆ. ಕೋಲು ತಿರುವಿನವರೆಗೆ ಟಕ್ ಟಕ್ ಎಂದು ಕೇಳುತ್ತಿತ್ತು.

9.50

ಮಾಡಬಾರದಿತ್ತು. ಮಾಡಿದೆ. ಲೈಬ್ರರಿ ಫೋನಿನಿಂದ ಆಸ್ಪತ್ರೆಯ ನಂಬರ್ ಒತ್ತಿದೆ. ಎರಡನೇ ರಿಂಗಿಗೇ ಎತ್ತಿದಳು.

"ನಮಸ್ಕಾರ, ಆಸ್ಪತ್ರೆ. ಯಾರ ಹತ್ರ ಮಾತಾಡಬೇಕು?"

ಅದು ಅವಳದೇ ದನಿ. ಸರ್ವೆ ಆಫೀಸಿಗೆ ಹೋಗುತ್ತಿದ್ದ ಕಾಲದ ದನಿ. ಮೂರು ವರ್ಷ ಅದನ್ನು ಕೇಳಿಯೇ ಇರಲಿಲ್ಲ ನಾನು. ಒಂದು ಅಕ್ಷರ ಹೊರಡಲಿಲ್ಲ.

ಆ ಕಡೆಯೂ ಸುಮ್ಮನಾಯಿತು. ಹೆದರಿದಳೋ ಎಂದು ಹೆದರಿದೆ. ಮತ್ತೆ ನಿಶ್ಶಬ್ದ, ಮತ್ತೆ ಅವಳ ಕಿವಿಯಲ್ಲಿ, ಅದೂ ನನ್ನಿಂದಲೇ.

ಎರಡು ಕ್ಷಣ. ಆಮೇಲೆ ಮೆಲ್ಲಗೆ, ನಗು ತಡೆದುಕೊಂಡು:

"ಅಕ್ಕ, ಉಸಿರು ಕೇಳಿಸ್ತಿದೆ. ಫೋನ್ ಇಡು. ಲೈನಲ್ಲಿ ಜನ ಕಾಯ್ತಿದ್ದಾರೆ."

ಇಟ್ಟೆ. ಇಟ್ಟ ಮೇಲೂ ಕೈ ಅದರ ಮೇಲೇ ಇದೆ. ವಕೀಲರು ಕರೆಯುತ್ತಿದ್ದಾರೆ, ಏನಮ್ಮಾ ಹೇಗೆ ಮಾತಾಡಿದಳು ಎಂದು. ಹೋಗಿ ಹೇಳಿ ಬಂದು ಉಳಿದದ್ದನ್ನು ಬರೆಯುತ್ತೇನೆ.